ಮನೆಯ ಚಿತ್ರಮಂದಿರಕ್ಕೆ ಪ್ರೊಜೆಕ್ಟರ್: ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಪ್ರೊಜೆಕ್ಟರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯ ದರವು ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು ಒಂದು ಲಕ್ಷ ರೂಪಾಯಿ ಬೆಲೆಯ ಯಂತ್ರಕ್ಕೆ ಈ ಮೊದಲು 1,28,000 ರೂಪಾಯಿ ತೆರಬೇಕಾಗಿತ್ತು. ಈಗ 1,18,000 ರೂಪಾಯಿ ಸಾಕು. ವರ್ತಕ ಬಾಂಧವರಲ್ಲಿ ಹೊಸ ಮನೆ ಕಟ್ಟಿಸುತ್ತಿರುವವರಿಗೂ, ಮಕ್ಕಳ ಒತ್ತಾಯಕ್ಕೆ ಮಣಿದು ಹಳೆಯ ಮನೆಯ ಒಂದು ಕೋಣೆಯನ್ನು ಚಿತ್ರಮಂದಿರವಾಗಿ ಮಾರ್ಪಡಿಸಲು ಹೊರಟವರಿಗೂ ಇದು ಸಂತೋಷದ ಸುದ್ದಿಯೇ ಸರಿ. ಆದರೆ ತೆರಿಗೆಯಲ್ಲಿ ಉಳಿದ ಹತ್ತು ಸಾವಿರ ರೂಪಾಯಿ, ಆಯ್ಕೆಯಲ್ಲಿ ಎಡವಿದರೆ ಒಂದೇ ಬೇಸಿಗೆಯಲ್ಲಿ ಕೈಬಿಟ್ಟು ಹೋಗುತ್ತದೆ. ಬಿಲ್ಲು ಬರೆಸುವಲ್ಲಿ ಎಡವಿದರೆ ಅದರ ಹಲವು ಪಟ್ಟು ಹೋಗುತ್ತದೆ. ಆದ್ದರಿಂದ ಯಂತ್ರದ ವಿಚಾರ ಹಾಗೂ ಲೆಕ್ಕಪತ್ರದ ವಿಚಾರ ಎರಡನ್ನೂ ಇಲ್ಲಿ ಒಟ್ಟಿಗೆ ವಿವರಿಸಲಾಗಿದೆ.

ಅಂಗಡಿಗೆ ಹೋದವರು ಮೊದಲು ಕೇಳುವ ಪ್ರಶ್ನೆ ಒಂದೇ: "ಇದು 4ಕೆ ಹೌದೋ ಅಲ್ಲವೋ?" ಮಾರುವವರೂ ಅದನ್ನೇ ಮುಂದು ಮಾಡುತ್ತಾರೆ. ವಾಸ್ತವವಾಗಿ ಆ ಪ್ರಶ್ನೆಯನ್ನು ಕಡೆಯಲ್ಲಿ ಕೇಳುವುದು ಲೇಸು. ಕೋಣೆಯ ಅಳತೆ, ಅದರ ಕತ್ತಲೆ, ಕುಳಿತುಕೊಳ್ಳುವ ದೂರ ಇವು ಮೂರೂ ಗೊತ್ತಾಗದೆ ರೆಸಲ್ಯೂಷನ್ನಿಗೆ ಹಣ ಕೊಡುವುದೆಂದರೆ ಗಿರಾಕಿಯ ಅಳತೆ ತಿಳಿಯದೆ ಬಟ್ಟೆ ಕತ್ತರಿಸಿದಂತೆ.

ರೆಸಲ್ಯೂಷನ್ ಎಂದರೇನು?

ಪರದೆಯ ಮೇಲಿನ ಚಿತ್ರವು ಸಣ್ಣ ಸಣ್ಣ ಚುಕ್ಕೆಗಳಿಂದ ಆಗಿರುತ್ತದೆ. ಈ ಚುಕ್ಕೆಗೆ ಪಿಕ್ಸೆಲ್ ಎಂದು ಹೆಸರು. ಅಡ್ಡಸಾಲಿನಲ್ಲಿ 1920, ಲಂಬಸಾಲಿನಲ್ಲಿ 1080 ಚುಕ್ಕೆಗಳಿದ್ದರೆ ಅದು 1080ಪಿ ಅಥವಾ ಫುಲ್ ಎಚ್‌ಡಿ. ಒಟ್ಟು ಚುಕ್ಕೆಗಳು ಸುಮಾರು 20.7 ಲಕ್ಷ. 4ಕೆ ಎಂದು ಮಾರಾಟವಾಗುವುದರಲ್ಲಿ ಅಡ್ಡಕ್ಕೆ 3840, ಲಂಬಕ್ಕೆ 2160; ಒಟ್ಟು ಸುಮಾರು 83 ಲಕ್ಷ, ಅಂದರೆ ಸರಿಯಾಗಿ ನಾಲ್ಕು ಪಟ್ಟು. ಇಳಕಲ್ಲಿನ ವರ್ತಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಂದು ಇಂಚಿನಲ್ಲಿ ಎಷ್ಟು ಎಳೆ ಬಂದಿದೆ ಎಂಬುದರ ಮೇಲೆ ಸೀರೆಯ ನಯ ನಿಂತಿರುತ್ತದೆ. ಅಷ್ಟೇ ಎಳೆಗಳನ್ನು ಇನ್ನೂ ಅಗಲದ ಪನ್ನಕ್ಕೆ ಹರಡಿದರೆ ಬಟ್ಟೆ ತೆಳುವಾಗುತ್ತದೆ. ಅದರಂತೆಯೇ 40 ಇಂಚಿನ ಟಿ.ವಿ.ಯಲ್ಲಿ ಒತ್ತಾಗಿ ಕಾಣುವ 20.7 ಲಕ್ಷ ಚುಕ್ಕೆಗಳು 120 ಇಂಚಿನ ಪರದೆಯ ಮೇಲೆ ಒಂಬತ್ತು ಪಟ್ಟು ಕ್ಷೇತ್ರಕ್ಕೆ ಹರಡಿಕೊಳ್ಳುತ್ತವೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಡಬ್ಬಿಯ ಮೇಲೆ "4ಕೆ ಸಪೋರ್ಟೆಡ್" ಎಂದು ಬರೆದಿದ್ದರೆ ಆ ಯಂತ್ರ 4ಕೆ ಎಂದು ಅರ್ಥವಲ್ಲ. 4ಕೆ ಚಿತ್ರವನ್ನು ಒಳಗೆ ತೆಗೆದುಕೊಂಡು, ತನ್ನಲ್ಲಿರುವ ಕಡಿಮೆ ಚುಕ್ಕೆಗಳಿಗೆ ಇಳಿಸಿ ತೋರಿಸಬಲ್ಲದು ಎಂದಷ್ಟೇ ಅದರ ಅರ್ಥ. ಆನ್‌ಲೈನಿನಲ್ಲಿ ಅಗ್ಗವಾಗಿ ಸಿಗುವ ಅನೇಕ ಯಂತ್ರಗಳ ಒಳಗಿರುವುದು 1280×720 ಚುಕ್ಕೆಗಳ ಫಲಕ. ಕೆಲವುಗಳಲ್ಲಿ ಬರೇ 800×480. ಸಾಲಪತ್ರದಲ್ಲಿ ಅಸಲನ್ನೂ ಬಡ್ಡಿಯನ್ನೂ ಬೇರೆ ಮಾಡಿ ನೋಡುವ ವರ್ತಕನು ಇಲ್ಲಿಯೂ ಅಸಲೆಷ್ಟೆಂದು ಕೇಳಬೇಕು. ವಿವರಣಾಪತ್ರದಲ್ಲಿ "ನೇಟಿವ್ ರೆಸಲ್ಯೂಷನ್" ಎಂಬ ಸಾಲಿನ ಎದುರಿಗಿರುವ ಅಂಕಿಯೇ ಅಸಲು. ಆ ಸಾಲೇ ಇಲ್ಲದ ಯಂತ್ರವನ್ನು ಮುಟ್ಟದಿರುವುದು ಕ್ಷೇಮ.

ಅಸಲು ಮತ್ತು ಅಸಲಲ್ಲದ್ದರ ನಡುವೆ ಇನ್ನೊಂದು ವರ್ಗವೂ ಇದೆ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಲ್ಯಾರಿ ಹಾರ್ನ್‌ಬೆಕ್ ಅವರು 1987ರಲ್ಲಿ ಆವಿಷ್ಕರಿಸಿದ ಸೂಕ್ಷ್ಮ ಕನ್ನಡಿಗಳ ಚಿಪ್ಪು ಇಂದಿನ ಡಿಎಲ್‌ಪಿ ಪ್ರೊಜೆಕ್ಟರುಗಳ ಜೀವಾಳ. ಮನೆಬಳಕೆಯ ಬಹುಪಾಲು ಡಿಎಲ್‌ಪಿ 4ಕೆ ಯಂತ್ರಗಳಲ್ಲಿರುವುದು ಅರ್ಧ ಇಂಚಿಗಿಂತ ಸ್ವಲ್ಪ ಚಿಕ್ಕದಾದ, 1920×1080 ಕನ್ನಡಿಗಳ ಚಿಪ್ಪು. ಚಿತ್ರವನ್ನು ಅತಿ ವೇಗವಾಗಿ ನಾಲ್ಕು ದಿಕ್ಕಿಗೆ ಕೂದಲೆಳೆಯಷ್ಟು ಸರಿಸುತ್ತ, ಸೆಕೆಂಡಿಗೆ 240 ಬಾರಿ ಬಿಡಿಸಿ, 83 ಲಕ್ಷ ಚುಕ್ಕೆಗಳನ್ನು ಪರದೆಯ ಮೇಲೆ ಇಡಲಾಗುತ್ತದೆ. ಕಣ್ಣು ಈ ಸರಿದಾಟವನ್ನು ಗುರುತಿಸಲಾರದು. ಎಪ್ಸನ್ ಕಂಪನಿಯ ತ್ರಿಫಲಕ ಎಲ್‌ಸಿಡಿ ಯಂತ್ರಗಳಲ್ಲಿಯೂ ಇಂತಹುದೇ ಉಪಾಯ ಬಳಕೆಯಲ್ಲಿದೆ. ಇದನ್ನು ಮೋಸವೆನ್ನಲಾಗದು, ಫಲಿತಾಂಶ 1080ಪಿಗಿಂತ ಸ್ಪಷ್ಟವಾಗಿ ಮೇಲು. ಫಲಕದಲ್ಲಿಯೇ ಪೂರ್ಣ 4ಕೆ ಚುಕ್ಕೆಗಳಿರುವ ಸೋನಿ, ಜೆವಿಸಿ ಕಂಪನಿಗಳ ಯಂತ್ರಗಳು ಇದಕ್ಕಿಂತಲೂ ಮೇಲು, ಆದರೆ ಅವುಗಳ ಬೆಲೆಯೂ ಹಲವು ಪಟ್ಟು ಮೇಲು.

ಕಣ್ಣಿನ ಲೆಕ್ಕ

ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಯ ಟೆಂಟಿನ ಕೊನೆಯ ಸಾಲಿನಲ್ಲಿ ಕುಳಿತವನಿಗೆ ನಟನ ಮೀಸೆ ಕಾಣುತ್ತದೆ, ಮೀಸೆಯ ಕೂದಲು ಕಾಣುವುದಿಲ್ಲ. ಆರೋಗ್ಯವಂತ ಕಣ್ಣಿಗೂ ಒಂದು ಮಿತಿಯಿದೆ. ಒಂದು ಡಿಗ್ರಿಯ 60ನೇ ಒಂದು ಭಾಗಕ್ಕಿಂತ ಸಣ್ಣ ಅಂತರವನ್ನು ಅದು ಬಿಡಿಸಿ ನೋಡಲಾರದು. ಈ ಮಿತಿಯನ್ನು ಪರದೆಗೆ ಅನ್ವಯಿಸಿದರೆ ಕೊಳ್ಳುವವರಿಗೆ ಬೇಕಾದ ಅಂಕಿ ದೊರೆಯುತ್ತದೆ.

ಕರ್ಣದಲ್ಲಿ 100 ಇಂಚು ಇರುವ ಪರದೆಯ ಅಗಲ 87 ಇಂಚು, ಎತ್ತರ 49 ಇಂಚು. ಅದರ ಮೇಲೆ 1080ಪಿ ಚಿತ್ರ ಬಿಟ್ಟರೆ ಒಂದೊಂದು ಚುಕ್ಕೆಯ ಅಗಲ 1.15 ಮಿಲಿಮೀಟರ್. ಸುಮಾರು 13 ಅಡಿಗಿಂತ ಆಚೆ ಕುಳಿತವರಿಗೆ ಈ ಚುಕ್ಕೆಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ. ಅಂದಮೇಲೆ ಅಷ್ಟು ದೂರದಿಂದ ನೋಡುವವರಿಗೆ 1080ಪಿ ಮತ್ತು 4ಕೆಗಳ ನಡುವೆ ಚುಕ್ಕೆಗಳ ಮಟ್ಟಿಗೆ ವ್ಯತ್ಯಾಸವಿಲ್ಲ. 4ಕೆಯ ಪೂರ್ಣ ಲಾಭ ಸಿಗಬೇಕಾದರೆ ಆರೂವರೆ ಅಡಿಯಷ್ಟು ಹತ್ತಿರ ಬರಬೇಕು. 120 ಇಂಚಿನ ಪರದೆಗೆ ಇದೇ ಅಂಕಿಗಳು ಹದಿನೈದೂವರೆ ಅಡಿ ಮತ್ತು ಎಂಟು ಅಡಿಗೆ ಸ್ವಲ್ಪ ಕಡಿಮೆ.

ಇನ್ನು ಕೋಣೆಗೆ ಬರೋಣ. 12 ಅಡಿ ಅಗಲ, 16 ಅಡಿ ಉದ್ದದ ಕೋಣೆಯಲ್ಲಿ ಚಿಕ್ಕ ಗೋಡೆಗೆ ಪರದೆ ಹಾಕಿ, ಹಿಂದೆ ಓಡಾಡಲು ಜಾಗ ಬಿಟ್ಟು ಸೋಫಾ ಇಟ್ಟರೆ ಕಣ್ಣಿಗೂ ಪರದೆಗೂ 11ರಿಂದ 12 ಅಡಿ ಅಂತರ ಉಳಿಯುತ್ತದೆ. ಈ ಅಂತರಕ್ಕೆ 100 ಇಂಚಿನ ಪರದೆ ಹಿತವಾದುದು. ಅಲ್ಲಿ 4ಕೆ ಕೊಡುವ ಹೆಚ್ಚುವರಿ ಲಾಭ ತೀರ ಸ್ವಲ್ಪ. ಅದೇ ಕೋಣೆಯಲ್ಲಿ 120 ಇಂಚಿನ ಪರದೆ ಹಾಕಿ 10 ಅಡಿಯಲ್ಲಿ ಕುಳಿತರೆ ವ್ಯತ್ಯಾಸ ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಆಗ 4ಕೆಗೆ ಕೊಟ್ಟ ಹಣ ಸಾರ್ಥಕ. ಹೀಗೆ ಉತ್ತರವು ಅಂಗಡಿಯಲ್ಲಿಲ್ಲ, ಅಳತೆಯ ಪಟ್ಟಿಯಲ್ಲಿದೆ.

ನೋಡುವ ಸಾಮಗ್ರಿ ಯಾವುದೆಂಬುದೂ ಮುಖ್ಯ. ಚಾಲುಕ್ಯರ ನೆಲದವರು ಅಭಿಮಾನದಿಂದ ನೋಡುವ, ಡಾ. ರಾಜಕುಮಾರ್ ಅಭಿನಯದ 1967ರ 'ಇಮ್ಮಡಿ ಪುಲಿಕೇಶಿ'ಯಂತಹ ಕಪ್ಪು-ಬಿಳುಪು ಚಿತ್ರ ಡಿವಿಡಿಯಲ್ಲಿ ದೊರೆತರೆ ಅದರಲ್ಲಿರುವುದು ಹೆಚ್ಚೆಂದರೆ 720×576 ಚುಕ್ಕೆಗಳು. ಯಾವ ಪ್ರೊಜೆಕ್ಟರೂ ಇಲ್ಲದ ವಿವರವನ್ನು ಸೃಷ್ಟಿಸಲಾರದು. ಅಂತಹ ಚಿತ್ರಕ್ಕೆ ಬೇಕಾದುದು ಕಡುಗಪ್ಪನ್ನು ಕಪ್ಪಾಗಿಯೇ ತೋರಿಸುವ ಗುಣ. ಅಂತರ್ಜಾಲದ ಮೂಲಕ 4ಕೆ ಚಿತ್ರ ನೋಡುವುದಾದರೆ ಸಂಪರ್ಕ ಸ್ಥಿರವಾಗಿರಬೇಕು. ನೆಟ್‌ಫ್ಲಿಕ್ಸ್ ಸಂಸ್ಥೆ 4ಕೆಗೆ 15 ಎಂಬಿಪಿಎಸ್ ವೇಗವನ್ನೂ ಫುಲ್ ಎಚ್‌ಡಿಗೆ 5 ಎಂಬಿಪಿಎಸ್ ವೇಗವನ್ನೂ ಸೂಚಿಸಿದೆ. ಹಾಗೆಯೇ ಪ್ರೊಜೆಕ್ಟರಿನ ಎಚ್‌ಡಿಎಂಐ ಕಿಂಡಿಗೆ ಎಚ್‌ಡಿಸಿಪಿ 2.2 ಎಂಬ ರಕ್ಷಣಾ ವ್ಯವಸ್ಥೆ ಇಲ್ಲದಿದ್ದರೆ 4ಕೆ ಸಾಮಗ್ರಿ ಪರದೆಗೆ ಬರುವುದೇ ಇಲ್ಲ. ಗೋಡೆಯೊಳಗೆ ಪೈಪು ಹಾಕುವಾಗಲೇ ತಂತಿಯ ಯೋಚನೆಯೂ ಆಗಬೇಕು. ಸಾಮಾನ್ಯ ತಾಮ್ರದ ಎಚ್‌ಡಿಎಂಐ ತಂತಿಯು 4ಕೆ ಚಿತ್ರವನ್ನು ಐದಾರು ಮೀಟರಿನಾಚೆಗೆ ನಂಬಿಕೆಯಿಂದ ಒಯ್ಯಲಾರದು. ಉದ್ದ ಹೆಚ್ಚಿದ್ದರೆ ಆಪ್ಟಿಕಲ್ ಫೈಬರ್ ಇರುವ ಎಚ್‌ಡಿಎಂಐ ತಂತಿಯನ್ನೇ ಹಾಕಿಸಬೇಕು. ಗಿಲಾವು ಮುಗಿದ ಮೇಲೆ ಇದು ತಿಳಿದುಬಂದರೆ ಗೋಡೆ ಒಡೆಯಬೇಕಾಗುತ್ತದೆ.

ಬೆಳಕು ಮತ್ತು ಕತ್ತಲೆ

ಪ್ರೊಜೆಕ್ಟರು ಬಿಳಿಯನ್ನು ಚೆಲ್ಲಬಲ್ಲದು, ಕಪ್ಪನ್ನು ಚೆಲ್ಲಲಾರದು. ಯಂತ್ರ ಬೆಳಕು ಕೊಡದ ಜಾಗದಲ್ಲಿ ಪರದೆ ಎಷ್ಟು ಕಪ್ಪಾಗಿರುತ್ತದೋ ಚಿತ್ರದ ಕಪ್ಪೂ ಅಷ್ಟೇ. ಕಿಟಕಿಯಿಂದ ಬಂದ ಬೆಳಕು ಪರದೆಯನ್ನು ಬೂದು ಮಾಡಿದರೆ ಚಿತ್ರದ ಕತ್ತಲೆಯೂ ಬೂದಾಗುತ್ತದೆ; ಆಮೇಲೆ 83 ಲಕ್ಷ ಚುಕ್ಕೆಗಳಿದ್ದರೂ ಅಷ್ಟೇ, 20 ಲಕ್ಷವಿದ್ದರೂ ಅಷ್ಟೇ. ಈ ಒಂದು ಸಂಗತಿಯನ್ನು ಅರಿತವರು ಯಂತ್ರಕ್ಕಿಂತ ಮೊದಲು ದಪ್ಪನೆಯ ಪರದೆಬಟ್ಟೆಗೆ ಹಣ ಇಡುತ್ತಾರೆ.

ಆಲಮಟ್ಟಿ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಭಾಗ ಮುಳುಗಡೆಯಾದ ಮೇಲೆ ಬೆಳೆದ ನವನಗರದ ಮನೆಗಳು ಗಾಳಿ ಬೆಳಕು ಧಾರಾಳವಾಗಿ ಬರುವಂತೆ ಕಟ್ಟಿದವು. ವಾಸಕ್ಕೆ ಅದು ಗುಣ, ಚಿತ್ರ ನೋಡಲು ಅದೇ ದೋಷ. ಇದಕ್ಕೆ ವ್ಯತಿರಿಕ್ತವಾಗಿ ಬಾದಾಮಿ, ಹುನಗುಂದ ಕಡೆಯ ಹಳೆಯ ಕಲ್ಲುಗೋಡೆಯ, ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಒಳಕೋಣೆಗಳು ಹಗಲಿನಲ್ಲೂ ಮಬ್ಬಾಗಿರುತ್ತವೆ, ತಂಪಾಗಿಯೂ ಇರುತ್ತವೆ. ಧವಸ ತುಂಬಿಡುತ್ತಿದ್ದ ಅಂತಹ ಕೋಣೆ ಈಗ ಬರಿದಾಗಿದ್ದರೆ, ಮಹಡಿಯ ಮೇಲೆ ಹೊಸ ಕೋಣೆ ಕಟ್ಟಿಸುವುದಕ್ಕಿಂತ ಅದನ್ನು ಬಳಸಿಕೊಳ್ಳುವುದೇ ಜಾಣತನ. ಮಾಳಿಗೆಯ ಮಣ್ಣು ಉದುರದಂತೆ ಕೆಳಗೊಂದು ಒಳಛಾವಣಿ ಮಾಡಿಸಬೇಕಾಗುತ್ತದೆ, ಅಷ್ಟೆ.

ಬೆಳಕಿನ ಅಳತೆಗೆ ಲ್ಯೂಮೆನ್ ಎಂದು ಹೆಸರು. ಚಿತ್ರಮಂದಿರಗಳಲ್ಲಿ ಸಾಮಾನ್ಯ ಪರದೆಯ ಪ್ರತಿ ಚದರ ಅಡಿಗೆ ಸುಮಾರು 16 ಲ್ಯೂಮೆನ್ ಬೆಳಕು ಬೀಳಬೇಕೆಂಬ ಮಾನದಂಡವಿದೆ. 100 ಇಂಚಿನ ಪರದೆ ಸುಮಾರು 30 ಚದರ ಅಡಿ. ಕತ್ತಲೆ ಕೋಣೆಯಲ್ಲಿ 480 ಲ್ಯೂಮೆನ್ ಸಾಕು. 120 ಇಂಚಿಗೆ 43 ಚದರ ಅಡಿ, 690 ಲ್ಯೂಮೆನ್. 150 ಇಂಚಿಗೆ 67 ಚದರ ಅಡಿ, 1,070 ಲ್ಯೂಮೆನ್. ಹಾಗಿದ್ದ ಮೇಲೆ ಕಂಪನಿಗಳು 2,000, 3,000 ಎಂದು ಬರೆಯುವುದೇಕೆ? ಬರೆದ ಅಂಕಿ ಅತ್ಯಂತ ಪ್ರಖರವಾದ, ಬಣ್ಣ ಕೆಟ್ಟು ಹಸಿರು ಛಾಯೆ ಬರುವ ಸ್ಥಿತಿಯದು. ಬಣ್ಣ ಸರಿಯಿರುವ ಸಿನಿಮಾ ಸ್ಥಿತಿಗೆ ತಂದರೆ ಅದರ ಅರ್ಧದಷ್ಟೋ, ಮೂರನೇ ಎರಡು ಭಾಗದಷ್ಟೋ ಉಳಿಯುತ್ತದೆ. ದೀಪ ಹಳೆಯದಾದಂತೆ ಅದೂ ಕುಗ್ಗಿ, ಆಯುಷ್ಯದ ಕೊನೆಗೆ ಮತ್ತೆ ಅರ್ಧವಾಗುತ್ತದೆ. ಈ ಎರಡೂ ವಟಾವು ಕಳೆದು ಉಳಿಯುವುದೆಷ್ಟೆಂದು ನೋಡಿ ಕೊಳ್ಳಬೇಕು. ಕತ್ತಲೆ ಮಾಡಬಹುದಾದ ಕೋಣೆಯಲ್ಲಿ 120 ಇಂಚಿನ ಪರದೆಗೆ, ಪ್ರಾಮಾಣಿಕವಾಗಿ ಅಳೆದ 2,500 ಲ್ಯೂಮೆನ್ನಿನ ಯಂತ್ರ ಧಾರಾಳ.

ಪ್ರಾಮಾಣಿಕ ಎಂಬ ಮಾತು ಸುಮ್ಮನೆ ಬಂದುದಲ್ಲ. ಅನ್ಸಿ ಲ್ಯೂಮೆನ್ ಅಥವಾ ಐಎಸ್ಒ 21118 ಎಂಬ ಮಾನದಂಡ ಹೆಸರಿಸಿದ್ದರೆ ಆ ಅಂಕಿಯನ್ನು ನಂಬಬಹುದು. ಬರೇ "ಲ್ಯೂಮೆನ್ಸ್" ಎಂದೋ "ಎಲ್ಇಡಿ ಲ್ಯೂಮೆನ್ಸ್" ಎಂದೋ ಬರೆದು ಅದರ ಮುಂದೆ ಹತ್ತಾರು ಸಾವಿರದ ಅಂಕಿ ಹಾಕಿದ್ದರೆ ಅದಕ್ಕೆ ತೂಕದ ಬಟ್ಟಿಗೆ ಮುದ್ರೆಯಿಲ್ಲದಷ್ಟೇ ಬೆಲೆ. "ಡೈನಮಿಕ್ ಕಾಂಟ್ರಾಸ್ಟ್" ಎಂದು ಲಕ್ಷಗಟ್ಟಲೆ ಬರೆಯುವ ಅಂಕಿಯೂ ಇದೇ ಜಾತಿಗೆ ಸೇರಿದ್ದು.

ಬಣ್ಣದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಒಂದೇ ಚಿಪ್ಪಿನ ದೀಪದ ಡಿಎಲ್‌ಪಿ ಯಂತ್ರಗಳಲ್ಲಿ ಬಣ್ಣದ ಚಕ್ರ ತಿರುಗುತ್ತದೆ. ಕೆಲವುಗಳ ಚಕ್ರದಲ್ಲಿ ಬೆಳಕು ಹೆಚ್ಚಿಸಲೆಂದು ಬಿಳಿಯ ಭಾಗವೊಂದು ಸೇರಿರುತ್ತದೆ. ಅಲ್ಲಿ ಬಿಳಿ ಪ್ರಖರವಾಗಿದ್ದು ಬಣ್ಣಗಳು ಮಂಕಾಗುತ್ತವೆ. ಮೂರು ಫಲಕದ ಎಲ್‌ಸಿಡಿಯಲ್ಲಿ ಈ ತೊಂದರೆಯಿಲ್ಲ. ಚಕ್ರವಿರುವ ಯಂತ್ರಗಳಲ್ಲಿ ಕಣ್ಣು ಹೊರಳಿಸಿದಾಗ ಕೆಲವರಿಗೆ ಮಾತ್ರ ಕಾಮನಬಿಲ್ಲಿನಂತಹ ಮಿಂಚು ಕಾಣುತ್ತದೆ. ಮನೆಮಂದಿಯನ್ನೆಲ್ಲ ಕರೆದೊಯ್ದು ತೋರಿಸದೆ ಇದು ತಿಳಿಯುವುದಿಲ್ಲ. ಪರೀಕ್ಷೆಗೆ ಅಂಗಡಿಯವರ ಹೂವು, ಪಕ್ಷಿಗಳ ಚಿತ್ರಗಳನ್ನು ನೆಚ್ಚಬಾರದು. ಸಣ್ಣ ಚೌಕಳಿಯ ಇಳಕಲ್ ಸೀರೆಯೊಂದರ ಸ್ಪಷ್ಟವಾದ ಛಾಯಾಚಿತ್ರವನ್ನು ಪೆನ್‌ಡ್ರೈವಿನಲ್ಲಿ ಒಯ್ದು, ಆ ಸೀರೆಯನ್ನೂ ಜೊತೆಗೆ ಒಯ್ದು, ಪರದೆಯ ಮೇಲಿನ ಬಣ್ಣವನ್ನು ಕೈಯಲ್ಲಿರುವ ಸೆರಗಿನೊಂದಿಗೆ ತಾಳೆ ನೋಡಬೇಕು. ಟೋಪ್ ತೆನಿಯ ಕೆಂಪು ಕಿತ್ತಳೆಯಾಗಿ ಕಂಡರೆ ಆ ಯಂತ್ರ ಬೇಡ. ಚೌಕಳಿಯ ಗೆರೆಗಳು ಅಲೆಯಲೆಯಾಗಿ ನಡುಗಿದರೆ ಚುಕ್ಕೆಗಳು ಸಾಲುತ್ತಿಲ್ಲವೆಂದೇ ತಿಳಿಯಬೇಕು. ಮಣಿರತ್ನಂ ಅವರ 2007ರ 'ಗುರು' ಚಿತ್ರದಲ್ಲಿ ಬಾದಾಮಿಯಲ್ಲಿ ಚಿತ್ರೀಕರಿಸಿದ ದೃಶ್ಯಗಳಿವೆ. ಆ ಬಂಡೆಗಳ ಕೆಂಪನ್ನು ದಿನವೂ ಕಣ್ಣಾರೆ ಕಾಣುವವರಿಗೆ ಅದೂ ಒಳ್ಳೆಯ ಒರೆಗಲ್ಲು.

ಧೂಳು, ಬಿಸಿಲು, ವಿದ್ಯುತ್ತು

ಬೆಂಗಳೂರಿನ ಅಂಗಡಿಯ ಶೀತಲ ಕೋಣೆಯಲ್ಲಿ ಚೆನ್ನಾಗಿ ಕಂಡ ಯಂತ್ರ ಈ ಭಾಗದ ಹವೆಯಲ್ಲಿ ಬೇರೆಯಾಗಿ ನಡೆದುಕೊಳ್ಳಬಹುದು. ಬಹುಪಾಲು ಪ್ರೊಜೆಕ್ಟರುಗಳನ್ನು 35 ಅಥವಾ 40 ಡಿಗ್ರಿ ಸೆಲ್ಸಿಯಸ್ ವರೆಗಿನ ಉಷ್ಣತೆಗೆ ರೂಪಿಸಲಾಗಿರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಾಗಲಕೋಟೆಯ ಹಗಲು 40 ಡಿಗ್ರಿ ಮುಟ್ಟುತ್ತದೆ. ಕಾದ ಆರ್‌ಸಿಸಿ ಛಾವಣಿಯ ಕೆಳಗೆ ಬಿಸಿಗಾಳಿ ನಿಲ್ಲುವುದರಿಂದ ಛಾವಣಿಗೆ ಅಂಟಿಸಿ ತೂಗುಹಾಕಿದ ಯಂತ್ರ ಇನ್ನೂ ಹೆಚ್ಚಿನ ಬಿಸಿ ಉಸಿರಾಡುತ್ತದೆ. ಫ್ಯಾನಿನ ಸದ್ದು ಹೆಚ್ಚುತ್ತದೆ, ಬಳಿಕ ಯಂತ್ರ ತಾನಾಗಿಯೇ ಆರಿಹೋಗುತ್ತದೆ. ಒಂದು, ಒಂದೂವರೆ ಅಡಿ ಕೆಳಕ್ಕೆ ಇಳಿಯುವ ಬ್ರ್ಯಾಕೆಟ್ ಹಾಕಿಸುವುದು, ಬೇಸಿಗೆಯಲ್ಲಿ ರಾತ್ರಿ ಎಂಟರ ನಂತರವೇ ಬಳಸುವುದು ಅಥವಾ ಹವಾನಿಯಂತ್ರಣ ಮಾಡಿಸುವುದು, ಇವುಗಳಲ್ಲಿ ಒಂದಾದರೂ ಬೇಕು.

ಇಳಕಲ್ಲಿನಲ್ಲಿ ಗ್ರಾನೈಟ್ ಕೊಯ್ಯುವ, ಹೊಳಪು ಕೊಡುವ ಘಟಕಗಳ ಸಮೀಪದ ಮನೆಗಳಿಗೆ ಧೂಳೇ ಮೊದಲ ವೈರಿ. ಎಲ್‌ಸಿಡಿ ಯಂತ್ರಗಳಲ್ಲಿ ಗಾಳಿಯ ಜಾಲರಿ ಇರುತ್ತದೆ. ಅದನ್ನು ತಪ್ಪದೆ ಸ್ವಚ್ಛ ಮಾಡದಿದ್ದರೆ ಧೂಳಿನ ಕಣ ಫಲಕದ ಮೇಲೆ ಕುಳಿತು ಪರದೆಯಲ್ಲಿ ಬಣ್ಣದ ಮಚ್ಚೆಯಾಗಿ ಕಾಣಿಸುತ್ತದೆ. ಅದನ್ನು ತೆಗೆಸಲು ಯಂತ್ರ ಬಿಚ್ಚಬೇಕು. ಇಂತಹ ಕಡೆ, ಬೆಳಕಿನ ಭಾಗವನ್ನು ಪೂರ್ತಿಯಾಗಿ ಮುಚ್ಚಿ ಮಾಡಿದ ಡಿಎಲ್‌ಪಿ ಯಂತ್ರವೇ ಮೇಲು. ಗ್ರಾನೈಟ್ ವರ್ತಕರ ಮನೆಗಳಲ್ಲಿ ಇನ್ನೊಂದು ತೊಡಕೆಂದರೆ ಕನ್ನಡಿಯಂತಹ ನೆಲ. ಪರದೆಯ ಬೆಳಕು ನೆಲಕ್ಕೆ ಬಿದ್ದು ಮತ್ತೆ ಪರದೆಗೇ ಮರಳುತ್ತದೆ, ಧ್ವನಿಯೂ ಪ್ರತಿಧ್ವನಿಸುತ್ತದೆ. ನವಲಗುಂದದ ಗಾಢಬಣ್ಣದ ಜಮಖಾನವೊಂದನ್ನು ಹಾಸಿ, ಹಿಂದಿನ ಗೋಡೆಗೆ ದಪ್ಪ ಕೌದಿಯೊಂದನ್ನು ತೂಗುಹಾಕಿದರೆ ಎರಡೂ ಬಹುಮಟ್ಟಿಗೆ ಶಮನವಾಗುತ್ತವೆ. ದುಬಾರಿಯ ಫಲಕಗಳನ್ನು ತರಿಸುವ ಮುನ್ನ ಇದನ್ನು ಮಾಡಿ ನೋಡುವುದರಲ್ಲಿ ನಷ್ಟವಿಲ್ಲ.

ಪಾದರಸದ ದೀಪವಿರುವ ಪ್ರೊಜೆಕ್ಟರು ಉರಿಯುತ್ತಿರುವಾಗ ವಿದ್ಯುತ್ ಹೋದರೆ ತಂಪು ಮಾಡುವ ಫ್ಯಾನೂ ನಿಲ್ಲುತ್ತದೆ. ಬಿಸಿ ದೀಪ ಹಾಗೆಯೇ ಉಳಿದು ಅದರ ಆಯುಷ್ಯ ಕಡಿಮೆಯಾಗುತ್ತದೆ. ಈ ಯಂತ್ರಗಳು 250ರಿಂದ 350 ವ್ಯಾಟ್ ಎಳೆಯುವುದರಿಂದ ಒಂದು ಕೆವಿಎ ಯುಪಿಎಸ್ ಇದ್ದರೆ ಕ್ರಮವಾಗಿ ಆರಿಸಲು ಸಮಯ ದೊರೆಯುತ್ತದೆ. ಲೇಸರ್ ಯಂತ್ರಗಳಿಗೆ ಈ ಭಯ ಕಡಿಮೆ, ಆದರೆ ವೋಲ್ಟೇಜ್ ಏರಿಳಿತದಿಂದ ಯಾವ ಯಂತ್ರಕ್ಕೂ ವಿನಾಯಿತಿಯಿಲ್ಲ.

ದೀಪವೋ ಲೇಸರೋ ಎಂಬುದು ಶುದ್ಧ ವ್ಯಾಪಾರಿ ಲೆಕ್ಕ. ತಿಳಿವಳಿಕೆಗಾಗಿ ಅಂಕಿ ಹಿಡಿಯೋಣ: ದೀಪದ ಯಂತ್ರ 90,000 ರೂಪಾಯಿ, ದೀಪದ ಆಯುಷ್ಯ 4,000 ಗಂಟೆ, ಹೊಸ ದೀಪಕ್ಕೆ 12,000 ರೂಪಾಯಿ, ಲೇಸರ್ ಯಂತ್ರ 1,70,000 ರೂಪಾಯಿ, ಆಯುಷ್ಯ 20,000 ಗಂಟೆ. ಮನೆಯಲ್ಲಿ ವರ್ಷಕ್ಕೆ 250 ದಿನ, ದಿನಕ್ಕೆ ಮೂರು ಗಂಟೆ ನೋಡಿದರೆ 750 ಗಂಟೆ. ಹತ್ತು ವರ್ಷಕ್ಕೆ 7,500 ಗಂಟೆ, ಒಂದು ದೀಪ ಬದಲಾವಣೆ, ಒಟ್ಟು ವೆಚ್ಚ 1,02,000 ರೂಪಾಯಿ. ಲೇಸರಿನ 20,000 ಗಂಟೆ ಮುಗಿಯಲು 26 ವರ್ಷಕ್ಕಿಂತ ಹೆಚ್ಚು ಬೇಕು. ಅಷ್ಟರಲ್ಲಿ ಯಂತ್ರವೇ ಹಳತಾಗಿರುತ್ತದೆ. ಬಳಸದ ಗಂಟೆಗಳಿಗೆ ಹಣ ಕೊಟ್ಟಂತಾಯಿತು. ಆದರೆ ಸೀರೆಯ ಮಳಿಗೆಯಲ್ಲಿ ದಿನಕ್ಕೆ ಹತ್ತು ಗಂಟೆ, ವರ್ಷಕ್ಕೆ 300 ದಿನ ವಿನ್ಯಾಸ ತೋರಿಸಲು ಓಡಿಸುವುದಾದರೆ 3,000 ಗಂಟೆ. ಹದಿನಾರು ತಿಂಗಳಿಗೊಂದು ದೀಪ, ಬದಲಾಯಿಸುವ ದಿನ ವ್ಯಾಪಾರದ ತೊಡಕು. ಅಲ್ಲಿ ಲೇಸರೇ ಸರಿ. ಮನೆಗೆ ದೀಪದ ಯಂತ್ರ ಆರಿಸುವವರು ಒಂದು ಮಾತು ನೆನಪಿಡಬೇಕು. ಅಂತಹ ಮಾದರಿಗಳು ಮಾರುಕಟ್ಟೆಯಲ್ಲಿ ಕಡಿಮೆಯಾಗುತ್ತಿವೆ. ಆದ್ದರಿಂದ ಆ ಮಾದರಿಯ ಅಸಲಿ ದೀಪ ಇಂದು ಯಾವ ಬೆಲೆಗೆ ಸಿಗುತ್ತದೆಂದು ಕೇಳಿ, ಸಾಧ್ಯವಾದರೆ ಒಂದನ್ನು ಜೊತೆಗೇ ಕೊಂಡಿಡಬೇಕು.

ಮಳಿಗೆಯ ಬಿಲ್ಲು, ಮನೆಯ ಪರದೆ

ಇನ್ನು ಸದಸ್ಯರು ವಿಶೇಷವಾಗಿ ಲಕ್ಷ್ಯಕೊಡಬೇಕಾದ ಭಾಗ. ಪ್ರೊಜೆಕ್ಟರನ್ನು ಮಳಿಗೆಯ ಅಥವಾ ಪಾಲುದಾರಿಕೆ ಸಂಸ್ಥೆಯ ಜಿಎಸ್‌ಟಿ ಸಂಖ್ಯೆಗೆ ಬಿಲ್ಲು ಮಾಡಿಸಿ, ಯಂತ್ರವನ್ನು ಮನೆಗೆ ಒಯ್ಯುವ ರೂಢಿ ಅಪರೂಪದ್ದಲ್ಲ. "ತೆರಿಗೆ ಹೇಗೂ ಜಮೆಯಾಗುತ್ತದೆ, ಸವಕಳಿಯೂ ಸಿಗುತ್ತದೆ" ಎಂಬುದು ಇದರ ಹಿಂದಿನ ತರ್ಕ. ತರ್ಕ ತಪ್ಪು. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆ 2017ರ 17(5)ನೇ ಕಲಮಿನಂತೆ ಸ್ವಂತ ಉಪಭೋಗಕ್ಕೆ ಬಳಸಿದ ಸರಕುಗಳಿಗೆ ಐಟಿಸಿ ಎಂದೇ ರೂಢಿಯಲ್ಲಿರುವ ಹೂಡುವಳಿ ತೆರಿಗೆ ಜಮೆ ಇಲ್ಲ. ತೆರಿಗೆರಹಿತ ಬೆಲೆ 1,50,000 ರೂಪಾಯಿಯ ಯಂತ್ರಕ್ಕೆ ತೆರಿಗೆ 27,000 ರೂಪಾಯಿ. ಇದನ್ನು ಜಮೆ ಪಡೆದು ಬಳಸಿಕೊಂಡು, ಮೂರು ವರ್ಷದ ಬಳಿಕ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ 27,000 ರೂಪಾಯಿ ಮರಳಿಸುವುದರ ಜೊತೆಗೆ ವಾರ್ಷಿಕ ಶೇ. 18ರಂತೆ 14,580 ರೂಪಾಯಿ ಬಡ್ಡಿ, ಅದರ ಮೇಲೆ ದಂಡ. ಆದಾಯ ತೆರಿಗೆಯಲ್ಲಿ ಪಡೆದ ಸವಕಳಿಯೂ ತಿರಸ್ಕೃತವಾಗುತ್ತದೆ.

ಇನ್ನೊಂದು ನಷ್ಟ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ವ್ಯಾಖ್ಯೆಯಂತೆ, ಸ್ವಂತ ಜೀವನೋಪಾಯದ ಸ್ವಯಂ ಉದ್ಯೋಗವನ್ನು ಹೊರತುಪಡಿಸಿ, ವಾಣಿಜ್ಯ ಉದ್ದೇಶಕ್ಕೆ ಕೊಂಡವನು ಗ್ರಾಹಕನಲ್ಲ. ಎರಡು ಲಕ್ಷದ ಯಂತ್ರ ಆರು ತಿಂಗಳಲ್ಲಿ ಕೆಟ್ಟು, ಮಾರಿದವರು ದುರಸ್ತಿಗೆ ಒಪ್ಪದೆ, ಜಿಲ್ಲಾ ಗ್ರಾಹಕ ಆಯೋಗದ ಮೆಟ್ಟಿಲು ಹತ್ತಬೇಕಾಗಿ ಬಂದಾಗ ಎದುರು ಪಕ್ಷದವರ ಮೊದಲ ತಕರಾರು ಮಳಿಗೆಯ ಹೆಸರಿನ ಆ ಬಿಲ್ಲೇ ಆಗಿರುತ್ತದೆ. ತೆರಿಗೆ ಅಧಿಕಾರಿಯ ಮುಂದೆ "ವ್ಯಾಪಾರಕ್ಕೆ ಕೊಂಡದ್ದು" ಎಂದೂ ಆಯೋಗದ ಮುಂದೆ "ಮನೆಗೆ ಕೊಂಡದ್ದು" ಎಂದೂ ಹೇಳಲು ಬರುವುದಿಲ್ಲ. ಮನೆಯ ಯಂತ್ರವನ್ನು ಮನೆಯವರ ಹೆಸರಿನಲ್ಲಿಯೇ ಕೊಳ್ಳಬೇಕು. ಹಣ ಮಳಿಗೆಯ ಖಾತೆಯಿಂದ ಹೋಗಿದ್ದರೆ ಅದನ್ನು ಮಾಲೀಕರ ಅಥವಾ ಪಾಲುದಾರರ ಡ್ರಾಯಿಂಗ್ಸ್ ಖಾತೆಗೆ ಖರ್ಚು ಹಾಕಿದರೆ ಸಾಕು, ಯಾವ ತಂಟೆಯೂ ಇಲ್ಲ.

ನಿಜವಾಗಿಯೂ ಮಳಿಗೆಯಲ್ಲಿಯೇ ಬಳಸುವ ಯಂತ್ರದ ಮಾತು ಬೇರೆ. ಅದಕ್ಕೆ ತೆರಿಗೆ ಜಮೆ ಸಿಗುತ್ತದೆ. ಆದರೆ ಜಮೆ ಪಡೆದ ತೆರಿಗೆಯ ಮೊತ್ತವನ್ನು ಯಂತ್ರದ ಬೆಲೆಗೆ ಸೇರಿಸಿ ಸವಕಳಿ ಕೇಳುವಂತಿಲ್ಲ. ಯಂತ್ರೋಪಕರಣಗಳ ಸಾಮಾನ್ಯ ಸವಕಳಿ ದರ ಶೇ. 15, ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದಾಗಿ ಕೊಟ್ಟರೆ ಆ ಮೊತ್ತವನ್ನು ಸವಕಳಿಗಾಗಿ ಬೆಲೆಯಲ್ಲಿ ಹಿಡಿಯಲಾಗುವುದಿಲ್ಲ. ಎರಡು ಲಕ್ಷ ಅಥವಾ ಹೆಚ್ಚಿನ ಬಿಲ್ಲನ್ನು ನಗದಾಗಿ ಸ್ವೀಕರಿಸುವುದು ಮಾರುವವರಿಗೇ ನಿಷಿದ್ಧ. ಹಗಲು ಮಳಿಗೆಯಲ್ಲಿ, ರಾತ್ರಿ ಮನೆಯಲ್ಲಿ ಎಂಬ ಏರ್ಪಾಡಿಗೆ ಕೇಂದ್ರ ಜಿಎಸ್‌ಟಿ ನಿಯಮಗಳ 43ನೇ ನಿಯಮದಂತೆ 60 ತಿಂಗಳಿಗೆ ಹಂಚಿ ಲೆಕ್ಕ ಇಡಬೇಕಾಗುತ್ತದೆ. ಉಳಿಯುವ ತೆರಿಗೆಗಿಂತ ಲೆಕ್ಕ ಇಡುವ ಶ್ರಮವೇ ಹೆಚ್ಚು.

ಬಾದಾಮಿಯಲ್ಲಿ ವಸತಿಗೃಹ ನಡೆಸುವವರು ಪ್ರವಾಸಿಗಳಿಗಾಗಿ ಪ್ರೊಜೆಕ್ಟರ್ ಹಾಕಿಸುವ ಯೋಚನೆಯಲ್ಲಿದ್ದರೆ ಅವರಿಗೊಂದು ಎಚ್ಚರಿಕೆ. ಮನೆಗೆಂದು ಪಡೆದ ನೆಟ್‌ಫ್ಲಿಕ್ಸ್ ಮುಂತಾದವುಗಳ ಚಂದಾ ಸ್ವಂತ ಕುಟುಂಬದ ಬಳಕೆಗೆ ಮಾತ್ರ. ಅತಿಥಿಗಳನ್ನು ಸೇರಿಸಿ ಚಲನಚಿತ್ರ ತೋರಿಸಲು ಕೃತಿಸ್ವಾಮ್ಯ ಕಾಯ್ದೆ 1957ರ ಪ್ರಕಾರ ಹಕ್ಕುದಾರರ ಅನುಮತಿ ಬೇಕು. ಪ್ರದರ್ಶನದ ಸ್ಥಳಕ್ಕೆ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆ 1964ರ ಪರವಾನಗಿಯ ಪ್ರಶ್ನೆಯೂ ಏಳುತ್ತದೆ. ಗುಹಾಂತರ ದೇವಾಲಯಗಳ ಕುರಿತು ತಾವೇ ಮಾಡಿಸಿದ ಕಿರುಚಿತ್ರ ತೋರಿಸುವುದಕ್ಕೆ ಹಕ್ಕಿನ ತೊಡಕಿಲ್ಲ.

ಕೊನೆಯದಾಗಿ ಯಂತ್ರ ಮನೆಗೆ ಬಂದ ದಿನದ ಕೆಲಸ. ಬಿಲ್ಲಿನಲ್ಲಿ ಮಾದರಿಯ ಹೆಸರಷ್ಟೇ ಸಾಲದು, ಯಂತ್ರದ ಕ್ರಮಸಂಖ್ಯೆಯೂ ಇರಬೇಕು. ಆಮದಾದ ಯಂತ್ರವಾದರೆ ಡಬ್ಬಿಯ ಮೇಲೆ ಆಮದುದಾರರ ಹೆಸರು, ವಿಳಾಸ ಹಾಗೂ ಗರಿಷ್ಠ ಮಾರಾಟ ಬೆಲೆ ಮುದ್ರಿತವಾಗಿರಬೇಕು. ವಾರಂಟಿ ಪತ್ರದಲ್ಲಿ ದೀಪದ ಅವಧಿ ಯಂತ್ರದ ಅವಧಿಗಿಂತ ಬೇರೆಯಾಗಿಯೂ ಚಿಕ್ಕದಾಗಿಯೂ ಇರುವುದುಂಟು; ಅದನ್ನು ಓದಬೇಕು. ದುರಸ್ತಿ ಕೇಂದ್ರ ಹುಬ್ಬಳ್ಳಿಯಲ್ಲಿದೆಯೋ ಬೆಂಗಳೂರಿನಲ್ಲಿದೆಯೋ, ಒಯ್ಯುವ ಖರ್ಚು ಯಾರದು ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಬೇಕು. ಯಂತ್ರವನ್ನು ಚಾಲೂ ಮಾಡಿ, ಮೆನುವಿನಲ್ಲಿ ದೀಪ ಉರಿದ ಗಂಟೆಗಳ ಅಂಕಿಯನ್ನು ನೋಡಬೇಕು. ಹೊಸ ಯಂತ್ರದಲ್ಲಿ ಅದು ಸೊನ್ನೆಯೋ ಒಂದೋ ಇರತಕ್ಕದ್ದು. ನೂರಾರು ಗಂಟೆ ತೋರಿಸಿದರೆ ಅದು ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟಿದ್ದ ಯಂತ್ರ. ಬಳಿಕ ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರಗಳನ್ನು ಬಿಟ್ಟು ಸತ್ತ ಚುಕ್ಕೆಗಳಿವೆಯೇ ಎಂದು ಪರೀಕ್ಷಿಸಿ, ಇದ್ದರೆ ಆ ದಿನವೇ ಛಾಯಾಚಿತ್ರ ತೆಗೆದು ಮಾರಿದವರಿಗೆ ಲಿಖಿತವಾಗಿ ತಿಳಿಸಬೇಕು.